ಮೊದಲು ಸಿ, ಆಮೇಲೆ ರಸ್ಟ್

ಪೈಥಾನ್‌ನಲ್ಲೋ ಜಾವಾದಲ್ಲೋ ಒಂದಿಷ್ಟು ಕೈ ಪಳಗಿದ ಮೇಲೆ ಪ್ರೋಗ್ರಾಮಿಂಗ್ ಕಲಿಯುವವರಿಗೆ ಒಂದು ಕೊರತೆ ಕಾಡತೊಡಗುತ್ತದೆ. ಪ್ರೋಗ್ರಾಂ ಬರೆಯಲು ಬರುತ್ತದೆ, ಬರೆದದ್ದು ಓಡುತ್ತದೆ. ಆದರೆ ಅದು ಓಡುವಾಗ ಯಂತ್ರದೊಳಗೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಹೇಳಲು ತಿಳಿಯುವುದಿಲ್ಲ. ಬೇರೆ ಬೇರೆ ಹತ್ತು ಲಕ್ಷ ಸಂಖ್ಯೆಗಳನ್ನು ಪೈಥಾನ್‌ನ ಪಟ್ಟಿಯೊಂದರಲ್ಲಿ ಇಟ್ಟುಕೊಂಡಿದ್ದೀರಿ ಎನ್ನಿ. ಈಗಿನ 64 ಬಿಟ್ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆಗೂ ಸಾಮಾನ್ಯವಾಗಿ 28 ಬೈಟ್ ಹಿಡಿಯುತ್ತದೆ. ಆ ಸಂಖ್ಯೆ ಮೆಮೊರಿಯಲ್ಲಿ ಎಲ್ಲಿದೆ ಎಂದು ಪಟ್ಟಿಯಲ್ಲಿ ನಮೂದಿಸಲು ಇನ್ನೂ 8 ಬೈಟ್. ಅದೇ ಸಂಖ್ಯೆ ಸಿ ಭಾಷೆಯ ಅರೇಯಲ್ಲಿ 4 ಬೈಟಿಗೆ ಮುಗಿಯುತ್ತದೆ. ಒಂಬತ್ತು ಪಟ್ಟು ವ್ಯತ್ಯಾಸ. ಇದು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಲು ಹೊರಟವರು ಯಂತ್ರಕ್ಕೆ ಹತ್ತಿರವಿರುವ ಭಾಷೆಯೊಂದನ್ನು ಕಲಿಯಬೇಕು. ಯಾವುದನ್ನು ಎಂದು ವಿಚಾರಿಸಿದ ಕೂಡಲೇ ಅವರು ದೊಡ್ಡ ಜಗಳವೊಂದರ ನಡುವೆ ಸಿಕ್ಕಿಕೊಳ್ಳುತ್ತಾರೆ. ಸಿ ಬಿಟ್ಟರೆ ಬೇರೆ ದಾರಿಯೇ ಇಲ್ಲ ಎನ್ನುವವರು ಒಂದು ಕಡೆ; ಸಿಯ ಕಾಲ ಮುಗಿಯಿತು, ನೇರವಾಗಿ ರಸ್ಟ್ ಹಿಡಿಯಿರಿ ಎನ್ನುವವರು ಇನ್ನೊಂದು ಕಡೆ. ಕೆಲಸ ಬೇಕಿದ್ದರೆ ಸಿ ಪ್ಲಸ್ ಪ್ಲಸ್ ಎನ್ನುವವರೂ ಇದ್ದಾರೆ.

ಈ ಜಗಳ ಬಗೆಹರಿಯದೆ ಉಳಿದಿರುವುದು ಎರಡು ಬೇರೆ ಪ್ರಶ್ನೆಗಳು ಅದರಲ್ಲಿ ಕಲಸಿಹೋಗಿರುವುದರಿಂದ. ನಾಳೆ ಲಕ್ಷಾಂತರ ಜನ ಬಳಸುವ ಸರ್ವರ್‌ಗೋ ಫೋನಿನ ಬ್ಲೂಟೂತ್‌ಗೋ ಹೊಸದಾಗಿ ಕೋಡ್ ಬರೆಯಲು ಯಾವ ಭಾಷೆ ಒಳ್ಳೆಯದು ಎಂಬುದು ಒಂದು. ಯಂತ್ರ ಕೆಲಸ ಮಾಡುವ ಬಗೆಯನ್ನು ಮೊದಲ ಸಲ ಅರ್ಥ ಮಾಡಿಕೊಳ್ಳಲು ಯಾವ ಭಾಷೆ ಒಳ್ಳೆಯದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ರಸ್ಟ್ ಎಂದು ಯಾರಾದರೂ ಉತ್ತರ ಕೊಟ್ಟರೆ ನನ್ನ ತಕರಾರಿಲ್ಲ. ಎರಡನೆಯದಕ್ಕೆ ಉತ್ತರ ಇವತ್ತಿಗೂ ಸಿ ಎಂಬುದು ನನ್ನ ವಾದ. ಹೀಗೆ ಹೇಳುವಾಗ ಒಂದು ಷರತ್ತನ್ನೂ ಜೊತೆಗೇ ಹೇಳಬೇಕು: ನಮ್ಮ ಎಷ್ಟೋ ಕಾಲೇಜುಗಳಲ್ಲಿ ಬಹುಕಾಲ ಕಲಿಸುತ್ತ ಬಂದ ಆ ಹಳೆಯ ಸಿ ಅಲ್ಲ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಉಳಿದ ಉಮೇದುವಾರರನ್ನು ಮೊದಲು ನೋಡಿಬಿಡೋಣ. ಅಸೆಂಬ್ಲಿ ಯಂತ್ರಕ್ಕೆ ಎಲ್ಲಕ್ಕಿಂತ ಹತ್ತಿರ, ನಿಜ. ಆದರೆ ಅದು ಒಂದೊಂದು ಪ್ರೊಸೆಸರಿಗೆ ಒಂದೊಂದು. ಇಂಟೆಲ್ ಚಿಪ್ಪಿಗೆ ಕಲಿತದ್ದು ಫೋನಿನ ಆರ್ಮ್ ಚಿಪ್ಪಿಗೆ ಹಾಗೇ ನಡೆಯುವುದಿಲ್ಲ. ಅಸೆಂಬ್ಲಿಯನ್ನು ಓದಲು ಕಲಿಯಬೇಕು, ಅದರಲ್ಲೇ ಬರೆಯುವ ಹಟ ಬೇಡ. ಗೂಗಲ್ 2009ರಲ್ಲಿ ಪ್ರಕಟಿಸಿದ ಗೋ ಸರಳ, ಚುರುಕು. ಆದರೆ ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಕೆಲಸವನ್ನು ಅದು ತಾನೇ ವಹಿಸಿಕೊಳ್ಳುತ್ತದೆ, ನಾವು ನೋಡಬೇಕೆಂದಿದ್ದುದೇ ಕಣ್ಣಿಗೆ ಬೀಳುವುದಿಲ್ಲ. ಜಿಗ್ ಭಾಷೆಯ ಬಗ್ಗೆ ನನಗೆ ಆಸೆಯಿದೆ, ಆದರೆ 2016ರಲ್ಲಿ ಪ್ರಕಟವಾದ ಅದು ಇನ್ನೂ 1.0 ಆವೃತ್ತಿ ಮುಟ್ಟಿಲ್ಲ. ಕಲಿಯುವವರ ಕಾಲಡಿಯ ನೆಲ ಹೀಗೆ ಸರಿಯುತ್ತಿರಬಾರದು. ಸಿ ಪ್ಲಸ್ ಪ್ಲಸ್ಸಿನ ತೊಡಕು ಅದರ ಗಾತ್ರ. ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಸಿಗೆ ಕ್ಲಾಸುಗಳನ್ನು ಸೇರಿಸಲು ಆರಂಭಿಸಿದ ಕೆಲಸ ಇವತ್ತು ಸಾವಿರದ ಐನೂರು ಪುಟ ದಾಟಿದ ಅಧಿಕೃತ ದಾಖಲೆಯಾಗಿ ಬೆಳೆದಿದೆ. ಒಂದೇ ಕೆಲಸಕ್ಕೆ ಅದರಲ್ಲಿ ನಾಲ್ಕು ತಲೆಮಾರಿನ ನಾಲ್ಕು ವಿಧಾನಗಳಿವೆ. ಯಾವುದನ್ನು ಬಿಡಬೇಕು ಎಂದು ತಿಳಿಯುವುದಕ್ಕೇ ಅನುಭವ ಬೇಕು. ಹೊಸಬರ ಬಳಿ ಇರದಿರುವುದು ಅದೊಂದೇ.

ಸಿ ಹುಟ್ಟಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, 1972ರ ಆಸುಪಾಸಿನಲ್ಲಿ. ಡೆನಿಸ್ ರಿಚಿ ಅದನ್ನು ರೂಪಿಸಿದ್ದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬರೆಯುವ ಅಗತ್ಯಕ್ಕಾಗಿ. 1973ರಲ್ಲಿ ಯುನಿಕ್ಸ್‌ನ ಕರ್ನಲ್ ಸಿಯಲ್ಲೇ ಮರುಬರಹಗೊಂಡಿತು. ಬ್ರಯನ್ ಕೆರ್ನಿಗನ್ ಜೊತೆ ಸೇರಿ ರಿಚಿ ಬರೆದ ಪಠ್ಯಪುಸ್ತಕದ 1988ರ ಎರಡನೇ ಆವೃತ್ತಿ 272 ಪುಟಗಳದ್ದು. ಭಾಷೆಯ ವಿವರಣೆ, ಅಭ್ಯಾಸ, ಲೈಬ್ರರಿಯ ಪಟ್ಟಿ ಎಲ್ಲವೂ ಅಷ್ಟರಲ್ಲೇ ಅಡಕ. ಚಿಕ್ಕದು ಎಂಬ ಈ ಗುಣವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಾಲೇಜಿನ ಒಂದು ಸೆಮಿಸ್ಟರಿನಲ್ಲಿ ಇಡೀ ಭಾಷೆಯನ್ನು ಒಮ್ಮೆ ಸುತ್ತಿ ಬಂದೆ ಎಂದು ಹೇಳಬಹುದಾದ, ಇಷ್ಟು ಕೆಲಸಕ್ಕೆ ಬರುವ ಭಾಷೆ ಬೇರೊಂದನ್ನು ತೋರಿಸುವುದು ಕಷ್ಟ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಲಿನಕ್ಸ್ ಕರ್ನಲ್‌ನ ಬಹುಪಾಲು, ಎಲ್ಲರ ಫೋನಿನಲ್ಲೂ ಇರುವ ಎಸ್‌ಕ್ಯುಲೈಟ್ ಡೇಟಾಬೇಸ್, ಗಿಟ್, ನಾವು ದಿನಾ ಬಳಸುವ ಪೈಥಾನ್‌ನ ಇಂಟರ್‌ಪ್ರಿಟರ್, ಎಲ್ಲವೂ ಸಿಯಲ್ಲಿವೆ. ಒಂದು ಭಾಷೆಯ ಲೈಬ್ರರಿಯನ್ನು ಇನ್ನೊಂದು ಭಾಷೆ ಕರೆಯಬೇಕಾದಾಗ ನಡುವೆ ನಡೆಯುವುದು ಸಾಮಾನ್ಯವಾಗಿ ಸಿಯ ಕಟ್ಟುಪಾಡು. ರಸ್ಟ್‌ನಲ್ಲಿ ಬರೆದದ್ದನ್ನು ಪೈಥಾನ್‌ಗೆ ಜೋಡಿಸುವಾಗಲೂ ಎರಡೂ ಮಾತಾಡಿಕೊಳ್ಳುವುದು ಸಿಯ ರೀತಿಯಲ್ಲೇ.

ಇನ್ನು ಸಿ ಏನನ್ನು ತೋರಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬಳಕೆದಾರರ ಊರಿನ ಹೆಸರು ಕೇಳಿ ಇಟ್ಟುಕೊಳ್ಳುವ ಪುಟ್ಟ ಪ್ರೋಗ್ರಾಂ. ಹೆಸರಿಗೆಂದು 20 ಅಕ್ಷರಗಳ ಅರೇ ಮಾಡಿ, ಸ್ಕ್ಯಾನ್‌ಎಫ್ ಎಂಬ ಫಂಕ್ಷನ್ ಮೂಲಕ ಓದಿಸಿದ್ದೇವೆ. ಹೊಸಬರು ಬರೆಯುವುದು ಹೀಗೆಯೇ. ಇಂಗ್ಲಿಷಿನಲ್ಲಿ ಚಿಕ್ಕಬಳ್ಳಾಪುರ ಎಂದು ಟೈಪ್ ಮಾಡಿದರೆ ಹದಿನೈದು ಅಕ್ಷರ, ಕೊನೆಯಲ್ಲಿ ಸಿ ತಾನಾಗಿ ಸೇರಿಸುವ ಸೊನ್ನೆಯ ಬೈಟ್ ಒಂದು, ಒಟ್ಟು 16. ಸುಸೂತ್ರ. ಅದೇ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ. ಕಣ್ಣಿಗೆ ಕಾಣುವುದು ಆರೇ ಅಕ್ಷರ: ಚಿ, ಕ್ಕ, ಬ, ಳ್ಳಾ, ಪು, ರ. ಯುನಿಕೋಡ್ ಲೆಕ್ಕದಲ್ಲಿ ಗುಣಿತ, ಒತ್ತು, ಹಲಂತ ಎಲ್ಲ ಬೇರೆ ಬೇರೆಯಾಗಿ ಅದು 13 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಬರಿಯ ‘ಕ’ ಅಂದರೆ 224, 178, 149 ಎಂಬ ಮೂರು ಸಂಖ್ಯೆಗಳು. ಹದಿಮೂರು ಮೂರಲಿ ಮೂವತ್ತೊಂಬತ್ತು, ಕೊನೆಯ ಸೊನ್ನೆ ಸೇರಿ 40 ಬೈಟ್. ಇಟ್ಟ ಜಾಗದ ಸರಿಯಾಗಿ ಎರಡರಷ್ಟು. ಸಿ ತಡೆಯುವುದಿಲ್ಲ, ಉಳಿದ 20 ಬೈಟನ್ನು ಪಕ್ಕದಲ್ಲಿ ಏನಿದೆಯೋ ಅದರ ಮೇಲೆ ಬರೆದುಬಿಡುತ್ತದೆ. ಅಲ್ಲಿ ಇನ್ನೊಂದು ವೇರಿಯೇಬಲ್ ಇರಬಹುದು, ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸವೂ ಇರಬಹುದು.

ಪೈಥಾನ್‌ನಲ್ಲಿ ಈ ಪ್ರೋಗ್ರಾಂ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಉದ್ದ ಕೇಳಿದರೆ 13 ಎನ್ನುತ್ತಿತ್ತು, ಅಷ್ಟೇ. ಬಳಸುವವರಿಗೆ ಅದು ವರ. ಕಲಿಯುವವರಿಗೆ ಮುಚ್ಚಿದ ಬಾಗಿಲು. ಇಷ್ಟು ಸಣ್ಣ ಸಿ ಪ್ರೋಗ್ರಾಮಿನಲ್ಲಿ ವಿದ್ಯಾರ್ಥಿಗೆ ಎದುರಾದುದನ್ನು ಗಮನಿಸಿ: ಅಕ್ಷರ ಬೇರೆ, ಸಂಕೇತ ಬೇರೆ, ಬೈಟ್ ಬೇರೆ; ಜಾಗಕ್ಕೆ ಅಳತೆಯಿದೆ; ಅಳತೆಯ ಹೊರಗೂ ಯಾರದೋ ಸ್ವತ್ತಿದೆ. ತಂತ್ರಾಂಶದಲ್ಲಿ ಕನ್ನಡವನ್ನು ಸರಿಯಾಗಿ ಬಳಸುವಂತೆ ಮಾಡುವ ಕೆಲಸಕ್ಕೆ ಇಳಿಯುವವರಿಗಂತೂ ಈ ತಿಳಿವಳಿಕೆ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಹೆಸರಿನ ಕಾಲಂಗೆ ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಬೈಟ್ ಮಿತಿ ಹಾಕಿಬಿಟ್ಟರೆ ಕನ್ನಡದ ಹೆಸರು ನಡುವಿನಲ್ಲೇ ತುಂಡಾಗುತ್ತದೆ. ಅದಕ್ಕೆ ಕಾರಣ ಬೇರೇನಲ್ಲ, ಈ ಮೂರರ ಮಗ್ಗಿ.

ಇಲ್ಲಿಗೆ ಎದುರಾಳಿಗಳ ಅತ್ಯಂತ ಬಲವಾದ ಆಕ್ಷೇಪ ಬರುತ್ತದೆ: ಇಂಥ ಅಪಾಯಕಾರಿ ಭಾಷೆಯನ್ನು ಹೊಸಬರ ಕೈಗೆ ಕೊಡುವುದೇಕೆ? ಆಕ್ಷೇಪದ ಹಿಂದಿರುವ ಸಂಗತಿಗಳೆಲ್ಲ ಸತ್ಯ. 1988ರಲ್ಲಿ ಅಂತರ್ಜಾಲವನ್ನು ತತ್ತರಿಸುವಂತೆ ಮಾಡಿದ ಮಾರಿಸ್ ಹುಳು ಎಂಬ ಪ್ರೋಗ್ರಾಂ ನುಸುಳಿದ ದಾರಿಗಳಲ್ಲಿ ಒಂದು, ಅಳತೆ ನೋಡದೆ ಓದುವ ಗೆಟ್ಸ್ ಎಂಬ ಫಂಕ್ಷನ್. ಅದನ್ನು ಸಿಯ ಅಧಿಕೃತ ನಿಯಮಾವಳಿಯಿಂದ ಕಿತ್ತುಹಾಕಲು 2011ರ ತನಕ ಕಾಯಬೇಕಾಯಿತು. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವೂ ಅದೇ ಜಾತಿಯದು: ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಎದುರಿನವರು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿತು, ಒಂದೊಂದು ಕೋರಿಕೆಗೂ 64 ಕಿಲೋಬೈಟ್‌ವರೆಗೆ ಸರ್ವರಿನ ಮೆಮೊರಿಯನ್ನು ಹೊರಗಿನವರಿಗೆ ಓದಿ ಹೇಳಿತು. ತನ್ನ ಉತ್ಪನ್ನಗಳಲ್ಲಿ ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಿಗೆ ತಿರುಗಿಸಿದ ಮೇಲೆ ಅಲ್ಲಿನ ಇಂಥ ದೋಷಗಳ ಪಾಲು 2019ರ ಶೇ 76ರಿಂದ 2024ರಲ್ಲಿ ಶೇ 24ಕ್ಕೆ ಇಳಿಯಿತು ಎಂಬುದು ಗೂಗಲ್ ಕೊಟ್ಟ ಲೆಕ್ಕ. ಇಷ್ಟಾದ ಮೇಲೂ ಜನ ಬಳಸುವ ಹೊಸ ತಂತ್ರಾಂಶವನ್ನು ಸಿಯಲ್ಲಿ ಬರೆಯುತ್ತೇನೆ ಎನ್ನುವವರು ಅದಕ್ಕೆ ಗಟ್ಟಿ ಕಾರಣ ಕೊಡಬೇಕು.

ಆದರೆ ಈ ಪುರಾವೆ ಸಾಬೀತುಪಡಿಸುವುದು ಸಿಯಲ್ಲಿ ದೊಡ್ಡ ತಂತ್ರಾಂಶ ಕಟ್ಟುವುದು ಅಪಾಯ ಎಂಬುದನ್ನು. ಸಿಯಲ್ಲಿ ಕಲಿಯುವುದು ಅಪಾಯ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. ಕಲಿಯುವವರ ಪ್ರೋಗ್ರಾಂ ಅವರ ಕಂಪ್ಯೂಟರಿನಲ್ಲೇ ಬೀಳುತ್ತದೆ, ಯಾರ ಬ್ಯಾಂಕ್ ಖಾತೆಯೂ ಸೋರುವುದಿಲ್ಲ. ಬಿದ್ದದ್ದು ಏಕೆಂದು ತೋರಿಸುವ ಸಲಕರಣೆಯೂ ಈಗ ಪುಕ್ಕಟೆ. ಅಡ್ರೆಸ್ ಸ್ಯಾನಿಟೈಸರ್ ಎಂಬ ಪರೀಕ್ಷಕ 2013ರಿಂದಲೇ ಜಿಸಿಸಿ ಕಂಪೈಲರಿನೊಳಗೆ ಇದೆ. ಕಂಪೈಲ್ ಮಾಡುವಾಗ ಒಂದೆರಡು ಆಯ್ಕೆ ಸೇರಿಸಿದರೆ ಸಾಕು. ಮೇಲಿನ ಚಿಕ್ಕಬಳ್ಳಾಪುರದ ಪ್ರೋಗ್ರಾಮನ್ನು ಅದರೊಂದಿಗೆ ಓಡಿಸಿದರೆ, ಅರೇಯ ಆಚೆಗೆ ಬರೆಯಲು ಹೋದ ಕ್ಷಣಕ್ಕೇ ನಿಲ್ಲಿಸಿ, ಯಾವ ಸಾಲಿನಲ್ಲಿ, ಯಾವ ವೇರಿಯೇಬಲ್ಲಿನ ಅಂಚು ದಾಟಿ, ಒಟ್ಟು 40 ಬೈಟ್ ಬರೆಯುವ ಪ್ರಯತ್ನ ನಡೆಯಿತು ಎಂದು ಹೇಳುತ್ತದೆ. ತಪ್ಪು ನಡೆಯಿತು, ಅದನ್ನು ಹಿಡಿಯಲಾಯಿತು, ಕಾರಣ ಕಣ್ಣೆದುರಿಗಿದೆ. ಕಲಿಕೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ?

ಹಾಗಾದರೆ ರಸ್ಟ್ ಎರಡನೆಯದು ಏಕೆ? ರಸ್ಟ್ ಬಗ್ಗೆ ನನಗಿರುವುದು ಗೌರವ. ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿ, ಮೊಜಿಲ್ಲಾ ಬೆಂಬಲದಲ್ಲಿ ಬೆಳೆದು, 2015ರ ಮೇ ತಿಂಗಳಲ್ಲಿ 1.0 ಆದ ಈ ಭಾಷೆ 2022ರ ಡಿಸೆಂಬರಿನಲ್ಲಿ ಲಿನಕ್ಸ್ ಕರ್ನಲ್‌ಗೂ ಕಾಲಿಟ್ಟಿತು. ಸಿಗೂ ರಸ್ಟ್‌ಗೂ ಇರುವ ವ್ಯತ್ಯಾಸವನ್ನು ನಮ್ಮ ಕಂದಾಯ ಇಲಾಖೆಯ ಮಾತಿನಲ್ಲಿ ಹೇಳಬಹುದು. ಸಿಯ ಪಾಯಿಂಟರ್ ಅಂದರೆ ಬರಿಯ ಸರ್ವೆ ನಂಬರ್. ಜಮೀನು ಎಲ್ಲಿದೆ ಎಂದು ಅದು ಹೇಳುತ್ತದೆ. ಈಗ ಯಾರ ಹೆಸರಿನಲ್ಲಿದೆ, ಗೇಣಿಗೆ ಕೊಟ್ಟಿದೆಯೋ, ಎಂದೋ ಮಾರಾಟವಾಗಿದೆಯೋ ಹೇಳುವುದಿಲ್ಲ. ರಸ್ಟ್ ಪಹಣಿ ತೋರಿಸದೆ ಹೊಲಕ್ಕೆ ಕಾಲಿಡಲು ಬಿಡುವುದಿಲ್ಲ, ಅದೂ ಪ್ರೋಗ್ರಾಂ ಓಡುವ ಮೊದಲೇ, ಕಂಪೈಲ್ ಮಾಡುವ ಹೊತ್ತಿನಲ್ಲಿ. ಒಡೆತನ ಒಬ್ಬರದೇ; ಓದಲು ಹಲವರಿಗೆ ಎರವಲು ಕೊಡಬಹುದು; ಬದಲಿಸಲು ಕೊಟ್ಟರೆ ಒಂದು ಹೊತ್ತಿಗೆ ಒಬ್ಬರಿಗೇ.

ನಿಯಮಗಳು ಸೊಗಸಾಗಿವೆ. ಆದರೆ ಒಂದು ಜಾಗವನ್ನು ಎರಡು ಸಲ ಬಿಡುಗಡೆ ಮಾಡಿ ಪ್ರೋಗ್ರಾಂ ಕುಸಿಯುವುದನ್ನು, ಬಿಡುಗಡೆಯಾದ ಜಾಗವನ್ನು ಹಳೆಯ ಪಾಯಿಂಟರಿನಿಂದ ಓದಿದಾಗ ಕಸ ಬರುವುದನ್ನು ಒಮ್ಮೆಯೂ ಕಾಣದವರಿಗೆ ಈ ನಿಯಮಗಳು ಸುಮ್ಮನೆ ಕಿರುಕುಳದಂತೆ ತೋರುತ್ತವೆ. ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಮೊದಲಿಗೇ ಬರುವ ಲಿಂಕ್ಡ್ ಲಿಸ್ಟನ್ನೇ ತೆಗೆದುಕೊಳ್ಳಿ. ಸಿಯಲ್ಲಿ ಹಿಂದಕ್ಕೂ ಮುಂದಕ್ಕೂ ಕೊಂಡಿಯಿರುವ ಪಟ್ಟಿಯನ್ನು ಎರಡನೇ ತಿಂಗಳ ವಿದ್ಯಾರ್ಥಿ ಬರೆಯುತ್ತಾನೆ. ರಸ್ಟ್‌ನಲ್ಲಿ ಅದೇ ಪಟ್ಟಿ ಒಡೆತನದ ನಿಯಮಕ್ಕೆ ನೇರವಾಗಿ ಅಡ್ಡ ಬರುತ್ತದೆ, ಏಕೆಂದರೆ ನಡುವಿನ ಒಂದೊಂದು ಗಂಟನ್ನೂ ಇಬ್ಬರು ಹಿಡಿದಿರುತ್ತಾರೆ. ಅದನ್ನು ದಾಟಲು ಎಣಿಕೆಯಿಡುವ ಪಾಯಿಂಟರ್, ಒಳಗಿನಿಂದ ಬದಲಿಸಲು ಬಿಡುವ ಹೊದಿಕೆ, ಇಲ್ಲವೇ ಅನ್‌ಸೇಫ್ ವಿಭಾಗ ಬೇಕು. ಕಲಿಯಬೇಕಿದ್ದುದು ಪಟ್ಟಿ, ಹೊಡೆದಾಟ ಭಾಷೆಯ ಜೊತೆ. ಸಿಯಲ್ಲಿ ಕೈ ಸುಟ್ಟುಕೊಂಡು ಬಂದವರಿಗೆ ಇದೇ ನಿಯಮಗಳು ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ ಲೆಕ್ಕದ ಬರಹರೂಪವಾಗಿ ಕಾಣುತ್ತವೆ. ಒಂದು ವಿನಾಯಿತಿಯನ್ನು ಒಪ್ಪಬೇಕು: ಈಗಾಗಲೇ ನಾಲ್ಕಾರು ವರ್ಷ ಉದ್ಯೋಗದಲ್ಲಿದ್ದು, ಕಂಪನಿಯಲ್ಲಿ ಈ ವರ್ಷವೇ ರಸ್ಟ್ ಕೋಡ್ ಬರೆಯಬೇಕಾದವರು ಸುತ್ತುದಾರಿ ಹಿಡಿಯಬೇಕಿಲ್ಲ. ರಸ್ಟ್‌ನ ಕಂಪೈಲರ್ ತಪ್ಪನ್ನು ವಿವರಿಸುವಷ್ಟು ತಾಳ್ಮೆಯಿಂದ ಬೇರೆ ಕಂಪೈಲರುಗಳು ವಿವರಿಸುವುದು ಅಪರೂಪ.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಸಿ ತೋರಿಸುವ ಯಂತ್ರ ಈಗ ಎಲ್ಲೂ ಇಲ್ಲ, ಅದು 1970ರ ದಶಕದ ಪಿಡಿಪಿ-11 ಎಂಬ ಕಂಪ್ಯೂಟರಿನ ಚಿತ್ರ ಎಂದು ಡೇವಿಡ್ ಚಿಸ್ನಾಲ್ 2018ರಲ್ಲಿ ಬರೆದ ಪ್ರಸಿದ್ಧ ಲೇಖನ ವಾದಿಸುತ್ತದೆ. ಇವತ್ತಿನ ಪ್ರೊಸೆಸರ್ ಸೂಚನೆಗಳನ್ನು ಹಿಂದುಮುಂದು ಮಾಡಿ ನಡೆಸುತ್ತದೆ, ಮುಂದೇನು ಬರಬಹುದೆಂದು ಊಹಿಸಿ ಮೊದಲೇ ಓಡುತ್ತದೆ. ಸಿಯಲ್ಲಿ ಅದರ ಸುಳಿವೇ ಇಲ್ಲ. ಕಂಪೈಲರ್ ಕೂಡ ಬರೆದದ್ದನ್ನು ಹಾಗೇ ಇಳಿಸುವುದಿಲ್ಲ. ಚಿಹ್ನೆಯುಳ್ಳ ಸಂಖ್ಯೆಗೆ ಒಂದು ಕೂಡಿಸಿದರೆ ಅದು ಮೊದಲಿಗಿಂತ ದೊಡ್ಡದೇ ಎಂದು ಪರೀಕ್ಷಿಸುವ ಸಾಲು ಬರೆದರೆ, ಮಿತಿ ಮೀರುವುದು ನಿಯಮಬಾಹಿರವಾದ್ದರಿಂದ ಹಾಗಾಗುವುದೇ ಇಲ್ಲ ಎಂದು ಭಾವಿಸಿ ಕಂಪೈಲರ್ ಆ ಪರೀಕ್ಷೆಯನ್ನೇ ಅಳಿಸಬಹುದು. ಎಲ್ಲ ಸರಿ. ಆದರೆ ಸಿಯಲ್ಲಿ ಕಾಣದ್ದು ಪೈಥಾನ್‌ನಲ್ಲಿ ಇನ್ನೂ ಕಾಣುವುದಿಲ್ಲ, ರಸ್ಟ್‌ನಲ್ಲೂ ಕಾಣುವುದಿಲ್ಲ. ಸಿಯಿಂದ ಆ ಒಳಗಿನ ಕೋಣೆಗೆ ಇಣುಕಲಾದರೂ ಸಾಧ್ಯ. ಹತ್ತು ಸಾವಿರ ಅಡ್ಡಸಾಲು, ಹತ್ತು ಸಾವಿರ ಕಂಬಸಾಲುಗಳ ಅರೇಯೊಂದರ ಮೊತ್ತವನ್ನು ಅಡ್ಡಸಾಲಿನ ಕ್ರಮದಲ್ಲಿ ಒಮ್ಮೆ, ಕಂಬಸಾಲಿನ ಕ್ರಮದಲ್ಲಿ ಒಮ್ಮೆ ಲೆಕ್ಕ ಹಾಕಿಸಿ. ಉತ್ತರ ಒಂದೇ, ಕೂಡಿಸಿದ ಸಲವೂ ಒಂದೇ, ಆದರೆ ಎರಡನೆಯದು ಹಲವು ಪಟ್ಟು ನಿಧಾನ. ಮೆಮೊರಿಯಿಂದ ಡೇಟಾ ಬರುವುದು ಸಾಮಾನ್ಯವಾಗಿ 64 ಬೈಟಿನ ತುಂಡುಗಳಲ್ಲಿ, ಅಂದರೆ ಒಮ್ಮೆಗೆ 16 ಸಂಖ್ಯೆ. ಅಡ್ಡಸಾಲಿನಲ್ಲಿ ಹೋದರೆ ಹದಿನಾರೂ ಬಳಕೆಯಾಗುತ್ತವೆ, ಕಂಬಸಾಲಿನಲ್ಲಿ ಹೋದರೆ ಒಂದನ್ನು ಬಳಸಿ ಮುಂದಿನ ತುಂಡಿಗೆ ಹಾರಬೇಕು. ಪ್ರೊಸೆಸರಿನ ಕ್ಯಾಶ್ ಎಂಬುದು ಪಠ್ಯಪುಸ್ತಕದ ಚಿತ್ರದಿಂದ ಇಳಿದು ಗಡಿಯಾರದಲ್ಲಿ ಅಳೆಯುವ ವಸ್ತುವಾಗುವುದು ಹೀಗೆ.

ಈಗ ಆ ಷರತ್ತಿನ ಮಾತು. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಿ ಹೊಸದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಪಠ್ಯದಲ್ಲಿ ಅದು ಬಹುಕಾಲದಿಂದ ಇದೆ. ಹೀಗಿದ್ದೂ ಸಿ ಓದಿದ ಅನೇಕರಿಗೆ ಅದು ಯಾತಕ್ಕೆ ಎಂದು ತಿಳಿಯದೆ ಹೋಗಿದ್ದಕ್ಕೆ ಒಂದು ದೊಡ್ಡ ಕಾರಣ ಟರ್ಬೊ ಸಿ. ಬೋರ್ಲೆಂಡ್ ಕಂಪನಿ 1987ರಲ್ಲಿ ಡಾಸ್‌ಗಾಗಿ ತಂದ ಆ ನೀಲಿ ಪರದೆಯ ತಂತ್ರಾಂಶ ಭಾರತದ ಕಾಲೇಜು ಲ್ಯಾಬುಗಳಲ್ಲಿ ಡಾಸ್ ಹೋದ ಮೇಲೂ ಉಳಿಯಿತು; 64 ಬಿಟ್ ವಿಂಡೋಸ್ ಅದನ್ನು ಓಡಿಸಲು ಒಪ್ಪದಿದ್ದಾಗ ಡಾಸ್‌ಬಾಕ್ಸ್ ಎಂಬ ಕೃತಕ ಡಾಸ್ ಒಳಗೆ ಕೂರಿಸಿ ಉಳಿಸಿಕೊಂಡರು. ಅದರಲ್ಲಿ ಇಂಟ್ ಎಂದರೆ 2 ಬೈಟ್, 32,767 ದಾಟಿದರೆ ಲೆಕ್ಕ ಋಣಕ್ಕೆ ತಿರುಗುತ್ತದೆ. ಸಿಯ ಅಧಿಕೃತ ನಿಯಮಾವಳಿಯಲ್ಲಿಲ್ಲದ ಕೊನಿಯೊ ಹೆಡರ್, ಪರದೆ ಒರೆಸುವ ಕ್ಲಿಯರ್ ಸ್ಕ್ರೀನ್, ಕೊನೆಗೊಂದು ಗೆಟ್‌ಸಿಎಚ್ ಮಂತ್ರದಂತೆ ಬಾಯಿಪಾಠವಾಗುತ್ತಿದ್ದವು. ಇವೆಲ್ಲಕ್ಕಿಂತ ದೊಡ್ಡ ನಷ್ಟ ಬೇರೆ. ಡಾಸ್‌ನಲ್ಲಿ ಮೆಮೊರಿಗೆ ಕಾವಲಿಲ್ಲ. ಅರೇಯ ಆಚೆ ಬರೆದರೂ ಪ್ರೋಗ್ರಾಂ ಏನೂ ಆಗದಂತೆ ಮುಂದುವರಿಯಬಹುದು. ಸೊನ್ನೆ ವಿಳಾಸದ ಪಾಯಿಂಟರಿಗೆ ಬರೆದರೆ ಟರ್ಬೊ ಸಿ ದೂರುವುದು ಪ್ರೋಗ್ರಾಂ ಮುಗಿದ ಮೇಲೆ, ಒಂದು ಸಾಲಿನಲ್ಲಿ. ಸಿ ಕಲಿಸಬೇಕಾದ ಮೊದಲ ಪಾಠವೇ ಅಲ್ಲಿ ಮುಚ್ಚಿಹೋಗುತ್ತಿತ್ತು. ಸೊನ್ನೆ ವಿಳಾಸಕ್ಕೆ ಬರೆಯುವ ಅದೇ ಪ್ರೋಗ್ರಾಮನ್ನು ಲಿನಕ್ಸ್‌ನಲ್ಲಿ ಓಡಿಸಿದರೆ ಆಪರೇಟಿಂಗ್ ಸಿಸ್ಟಂ ಆ ಕ್ಷಣವೇ ಕುತ್ತಿಗೆ ಹಿಡಿಯುತ್ತದೆ.

ಆದ್ದರಿಂದ ಈ ವರ್ಷ ಕಲಿಯಲು ಕೂರುವವರು ಲಿನಕ್ಸ್ ಬಳಸಲಿ. ವಿಂಡೋಸ್ ಇದ್ದವರಿಗೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಇದೆ. ಜಿಸಿಸಿ ಅಥವಾ ಕ್ಲಾಂಗ್ ಕಂಪೈಲರ್, ಎಚ್ಚರಿಕೆಗಳನ್ನೆಲ್ಲ ತೋರಿಸುವ ಆಯ್ಕೆ, ಅಡ್ರೆಸ್ ಸ್ಯಾನಿಟೈಸರ್ ಮೂರೂ ಮೊದಲ ದಿನದಿಂದಲೇ ಜೊತೆಗಿರಲಿ. ಆರು ತಿಂಗಳು ಸಾಕು. ಅಷ್ಟರಲ್ಲಿ ಬೇಕಾದಂತೆ ಬೆಳೆಯುವ ಅರೇ, ಲಿಂಕ್ಡ್ ಲಿಸ್ಟ್, ಹ್ಯಾಶ್ ಟೇಬಲ್, ಕನ್ನಡ ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಂ, ಇಷ್ಟನ್ನು ಸ್ವಂತವಾಗಿ ಬರೆದು, ಮೆಮೊರಿ ಸೋರದಂತೆ ಮುಗಿಸಿದರೆ ರಸ್ಟ್‌ಗೆ ಹೊರಡಬಹುದು. ವಾಹನದ ನಿಯಂತ್ರಣ ಫಲಕ, ವೈದ್ಯಕೀಯ ಉಪಕರಣ, ಚಿಪ್‌ಗಳ ಫರ್ಮ್‌ವೇರ್ ಬರೆಯುವ ಬೆಂಗಳೂರಿನ ಕಂಪನಿಗಳಲ್ಲಿ ಸಿ ಇನ್ನೂ ದಿನನಿತ್ಯದ ಭಾಷೆ, ಹಾಗಾಗಿ ಅಲ್ಲೇ ನಿಲ್ಲುವವರಿಗೂ ನಷ್ಟವಿಲ್ಲ.

ಕೊನೆಯದಾಗಿ ಕಾಲೇಜಿನಲ್ಲಿ ಪಾಠ ಹೇಳುವವರಲ್ಲಿ ಒಂದು ಮನವಿ. ಲ್ಯಾಬಿನ ಯಾವುದೋ ಮೂಲೆಯ ಕಂಪ್ಯೂಟರಿನಲ್ಲಿ ಟರ್ಬೊ ಸಿ ಇನ್ನೂ ಉಳಿದಿದ್ದರೆ ತೆಗೆದುಹಾಕಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಿಭಾಜ್ಯ ಸಂಖ್ಯೆ, ಫಿಬೊನಾಚಿ ಸರಣಿಯ ಜೊತೆಗೆ ತಪ್ಪಿರುವ ಪ್ರೋಗ್ರಾಂ ಒಂದನ್ನೂ ಕೊಡಿ. ಅದು ಎಷ್ಟು ಬೈಟ್ ಅತಿಕ್ರಮಿಸುತ್ತಿದೆ, ಏಕೆ ಎಂದು ವಿದ್ಯಾರ್ಥಿ ವಿವರಿಸಲಿ. ಅಂಕದ ಅರ್ಧ ಪಾಲು ಆ ವಿವರಣೆಗೆ ಇರಲಿ.